ಅಜೇಯವೆಂಬ ಮಾತು

ಬಾದಾಮಿಯ ಬಂಡೆಯ ಮೇಲೆ ಒಂದು ಶಾಸನವಿದೆ. ಶಕವರ್ಷ 465ರದು, ಕ್ರಿಸ್ತಶಕದ ಲೆಕ್ಕದಲ್ಲಿ 543. ಚಾಲುಕ್ಯ ವಲ್ಲಭೇಶ್ವರನು, ಎಂದರೆ ಮೊದಲನೆಯ ಪುಲಕೇಶಿಯು, ವಾತಾಪಿಯ ಈ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಅಜೇಯವಾಗುವಂತೆ ಕೋಟೆಯಾಗಿ ಮಾಡಿಸಿದನೆಂದು ಅದರ ತಾತ್ಪರ್ಯ. ಈ ಮಾತು ಕಲ್ಲಿನಲ್ಲಿ ಮೂಡಿದ 99 ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ವಾತಾಪಿಕೊಂಡನೆಂದು ಹೆಸರು ಪಡೆದ. ಅವನ ಶಾಸನವೂ ಅದೇ ಊರಿನ ಬಂಡೆಯ ಮೇಲೆಯೇ ಇದೆ. ಅಜೇಯವೆಂಬ ಮಾತೂ ಜಯಿಸಿದೆನೆಂಬ ಮಾತೂ ಒಂದೇ ಊರಿನ ಕೆಂಗಲ್ಲಿನಲ್ಲಿ ಕಾಲ ಕಳೆಯುತ್ತಿವೆ. ಕಲ್ಲಿಗೆ ಯಾವ ಪಕ್ಷಪಾತವೂ ಇದ್ದಂತಿಲ್ಲ.

ಹಾಗಾದರೆ ಪುಲಕೇಶಿ ಸುಳ್ಳು ಹೇಳಿದನೆ? ಕುರ್ಚಿಯಲ್ಲಿ ಕುಳಿತು ಇತಿಹಾಸ ಓದುವವರಿಗೆ ಹೌದೆನ್ನುವುದು ಸುಲಭ. ಬೆಟ್ಟ ಹತ್ತಿದವರಿಗೆ ಅಷ್ಟು ಸುಲಭವಲ್ಲ. ಅಗಸ್ತ್ಯತೀರ್ಥದ ದಂಡೆಯಲ್ಲಿರುವ ವಸ್ತುಸಂಗ್ರಹಾಲಯದ ಹಿಂಬದಿಯಿಂದ ಬಡಗಣ ಕೋಟೆಗೆ ಹೋಗುವ ದಾರಿ, ಎತ್ತರವಾದ ಎರಡು ಬಂಡೆಗಳ ನಡುವಿನ ಬಿರುಕಿನಲ್ಲಿ ನುಸುಳುತ್ತದೆ. ಅಲ್ಲಿ ನಡೆಯುವಾಗ ತಲೆಯ ಮೇಲೆ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಮೇಲೆ ನಿಂತ ಒಬ್ಬ ಕಾವಲುಗಾರ ಕೆಳಗಿನ ಹತ್ತು ಮಂದಿಯನ್ನು ತಡೆಯಬಲ್ಲನೆಂಬುದು ಯುದ್ಧವನ್ನರಿಯದ ನನ್ನಂಥವನಿಗೂ ಹೊಳೆಯುತ್ತದೆ. ಕಟ್ಟಿಸಿದವನು ಪ್ರಾಮಾಣಿಕವಾಗಿಯೇ ಲೆಕ್ಕ ಹಾಕಿದ್ದಾನೆ. ಆದರೂ ಊರು ಬಿತ್ತು. ಪ್ರಾಮಾಣಿಕವಾದ ಲೆಕ್ಕವೂ ಸುಳ್ಳಾಗುವುದುಂಟೆ? ಸುಳ್ಳಾದರೆ ಅದರ ಹೊಣೆ ಯಾರದು?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ದಸರೆಯ ರಜೆಗೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದಿದ್ದಾಗ ಇಬ್ಬರೂ ಬಾದಾಮಿಗೆ ಹೋಗಿದ್ದೆವು. ಆ ಬಿರುಕಿನ ದಾರಿಯಲ್ಲಿ ಉಸಿರು ಬಿಡುತ್ತ ನಿಂತಾಗ ಅವನೆಂದ: "ಮಾಮಾ, ನಂದೂ ಇದ ಕೆಲಸ. ಕೋಟೆ ಕಟ್ಟೂದು. ಕಲ್ಲಿಲ್ಲ ಅಷ್ಟ."

ಅವನ ಕೋಟೆ ಎಂಥದೆಂದು ಕೇಳಿದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಪಿಂಚಣಿಯ ಪಟ್ಟಿ ಇವೆಲ್ಲ ಈಗ ಕಂಪ್ಯೂಟರಿನಲ್ಲಿರುವುದು ಸರಿಯಷ್ಟೆ. ಅವುಗಳ ಬಳಿಗೆ ಯಾರು ಹೋಗಬಹುದು, ಯಾರು ಹೋಗಕೂಡದು, ಬಂದವನು ತಾನು ಹೇಳಿಕೊಂಡವನೇ ಹೌದೋ ಅಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಇದನ್ನೆಲ್ಲ ಏರ್ಪಡಿಸುವವರು ಪ್ರತಿಸಲವೂ ಹೊಸದಾಗಿ ಆಲೋಚಿಸುವುದಿಲ್ಲ. ಹಿಂದಿನವರು ಯೋಚಿಸಿ ಇಟ್ಟ ವಿನ್ಯಾಸಗಳಿವೆ. ಒಳಗೆ ಬರಲು ಒಂದೇ ಬಾಗಿಲಿರಲಿ ಎಂಬುದೊಂದು ವಿನ್ಯಾಸ. ಬಾಗಿಲಲ್ಲಿ ತಪಾಸಣೆಯ ಕಟ್ಟೆಯಿರಲಿ ಎಂಬುದು ಇನ್ನೊಂದು. ಪ್ರತಿಯೊಬ್ಬನಿಗೂ ಅವನವನ ಹುದ್ದೆಗೆ ತಕ್ಕಷ್ಟೇ ಕಾಣಲಿ ಎಂಬುದು ಮತ್ತೊಂದು. ಜೋಸೆಫ್ ಯೋಡರ್ ಮತ್ತು ಜೆಫ್ರಿ ಬಾರ್ಕಲೋ ಎಂಬ ಇಬ್ಬರು 1997ರಲ್ಲಿ ಇಂಥ ಏಳು ರಕ್ಷಣಾ ವಿನ್ಯಾಸಗಳನ್ನು ಒಟ್ಟುಮಾಡಿ ಬರೆದರು. ಆಮೇಲೆ ಪಟ್ಟಿ ಬೆಳೆಯಿತು. ಬೇಕಾದವರು ಬೇಕಾದ್ದನ್ನು ಎತ್ತಿಕೊಂಡು ತಮ್ಮ ಕಟ್ಟಡದಲ್ಲಿ ಕೂಡಿಸುತ್ತಾರೆ.

ಇದರಲ್ಲಿ ಹೀನಾಯವೇನೂ ಇಲ್ಲ. ಎರವಲು ರೂಪದಿಂದ ದೊಡ್ಡ ಕಟ್ಟಡವೆದ್ದದ್ದಕ್ಕೆ ಬಾದಾಮಿಯಿಂದ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೋಡಿದವರಿಗೆ ಕಂಚಿಯ ಕೈಲಾಸನಾಥ ನೆನಪಾಗದಿರದು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ಸ್ಮರಣೆಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಗೆದ್ದವರು ಸೋತವರ ರೂಪವನ್ನು ತಂದರು. ಆದರೆ ಸೂತ್ರಧಾರಿ ಗುಂಡನ ಹೆಸರು ಆ ಗುಡಿಯ ಶಾಸನದಲ್ಲಿ ಗೌರವದಿಂದ ಉಳಿದಿರುವುದು ಬರಿಯ ನಕಲಿಗಾಗಿ ಅಲ್ಲ. ರೂಪವನ್ನು ಕಂಚಿಯಿಂದ ತರಬಹುದು, ಅಡಿಪಾಯವನ್ನು ತರಲಾಗುವುದಿಲ್ಲ. ಅದನ್ನು ಮಲಪ್ರಭೆಯ ದಂಡೆಯ ನೆಲವನ್ನು ನೋಡಿಯೇ ಹಾಕಬೇಕು.

ವಿನ್ಯಾಸಗಳನ್ನು ಪಟ್ಟಿ ಮಾಡುವ ಈ ಪದ್ಧತಿ ಸಾಫ್ಟ್‌ವೇರಿನವರಿಗೆ ಬಂದದ್ದೂ ಒಬ್ಬ ಕಟ್ಟಡಶಿಲ್ಪಿಯಿಂದ. ಕ್ರಿಸ್ಟೊಫರ್ ಅಲೆಗ್ಸಾಂಡರ್ ಎಂಬ ಆತ 1964ರ ತನ್ನ ಗ್ರಂಥದಲ್ಲಿ ಭಾರತದ ಒಂದು ಹಳ್ಳಿಯನ್ನೇ ಉದಾಹರಣೆಯಾಗಿ ಎತ್ತಿಕೊಂಡಿದ್ದ. 1977ರಲ್ಲಿ ಸಂಗಡಿಗರೊಂದಿಗೆ ಮನೆ, ಬೀದಿ, ಊರುಗಳ 253 ವಿನ್ಯಾಸಗಳನ್ನು ಪ್ರಕಟಿಸಿದ. ಪ್ರತಿಯೊಂದು ವಿನ್ಯಾಸವೂ ಯಾವ ಸಂದರ್ಭಕ್ಕೆ ಸಲ್ಲುತ್ತದೆ ಎಂಬುದನ್ನು ಅದರ ಜೊತೆಗೇ ಹೇಳಿದ್ದ. ಈ ಕೊನೆಯ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ನಾನು ಹೇಳಹೊರಟಿರುವುದೆಲ್ಲ ಅದರಲ್ಲಿದೆ.

ವಿನ್ಯಾಸ ಒಳ್ಳೆಯದೆಂದು ಹೇಗೆ ತಿಳಿಯುವುದು? ಹತ್ತು ಕಡೆ ಹಾಕಿ ನೋಡಿದೆವು, ಕಳ್ಳ ಬರಲಿಲ್ಲ ಎಂದರೆ ಸಾಲದು. ಕಳ್ಳ ಇನ್ನೂ ಬಂದಿಲ್ಲದಿರಬಹುದು. ಆದುದರಿಂದ ಈ ಶಾಸ್ತ್ರದವರು ಗಣಿತಕ್ಕೆ ಶರಣು ಹೋಗುತ್ತಾರೆ. ಕಟ್ಟಡವನ್ನು ಕಟ್ಟುವ ಮುಂಚೆ ಅದರ ಗಣಿತದ ಪ್ರತಿರೂಪವೊಂದನ್ನು ಮಾಡುತ್ತಾರೆ. ಯಾರು ಯಾರು ಇದ್ದಾರೆ, ಯಾವ ಯಾವ ಮಾತು ಆಡಬಹುದು, ಕಳ್ಳನ ಕೈಗೆ ಏನು ಸಿಕ್ಕುತ್ತದೆ, ಏನು ಸಿಕ್ಕುವುದಿಲ್ಲ ಎಂದೆಲ್ಲ ಖಚಿತವಾದ ಭಾಷೆಯಲ್ಲಿ ಬರೆದು, ಕೆಡುಕು ಸಂಭವಿಸುವ ದಾರಿ ಒಂದಾದರೂ ಇದೆಯೇ ಎಂದು ತರ್ಕದಿಂದಲೋ ಯಂತ್ರದಿಂದಲೋ ಹುಡುಕುತ್ತಾರೆ. ಕಳ್ಳನನ್ನು ಅವರು ಕಡೆಗಣಿಸುವವರಲ್ಲ. ಡೊಲೆವ್ ಮತ್ತು ಯಾವ್ ಎಂಬ ವಿದ್ವಾಂಸರು 1983ರಲ್ಲಿ ಹಾಕಿಕೊಟ್ಟ ಕ್ರಮದಂತೆ, ಅಂಚೆಯವನೇ ಕಳ್ಳನೆಂದು ಎಣಿಸಬೇಕು. ಅವನು ಎಲ್ಲ ಓಲೆಗಳನ್ನೂ ಓದಬಲ್ಲ, ತಡೆಯಬಲ್ಲ, ಬದಲಿಸಬಲ್ಲ, ಹೊಸದನ್ನು ಹುಟ್ಟಿಸಬಲ್ಲ. ಬೀಗವನ್ನು ಮಾತ್ರ ಒಡೆಯಲಾರ. ಇಂಥ ಕಳ್ಳನ ಎದುರಿಗೂ ವಿನ್ಯಾಸ ನಿಂತರೆ ರುಜುವಾತಾಯಿತೆಂದು ಹೇಳುತ್ತಾರೆ. ಪುಲಕೇಶಿಯ ಅಜೇಯಕ್ಕಿಂತ ಇದು ಎಷ್ಟೋ ಗಟ್ಟಿಯಾದ ಮಾತಲ್ಲವೆ?

ಗಟ್ಟಿಯೇ ಹೌದು. ಆದರೂ ಒಂದು ಕಥೆ ಕೇಳಬೇಕು. ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ಹೆಸರಾಂತ ವಿದ್ವಾಂಸರು 1978ರಲ್ಲಿ, ದೂರದೂರವಿರುವ ಇಬ್ಬರು ಪರಸ್ಪರ ಗುರುತು ಹಿಡಿಯುವ ಒಂದು ವಿನ್ಯಾಸವನ್ನು ಪ್ರಕಟಿಸಿದರು. ಅದನ್ನು ನಮ್ಮ ಊರುಗಳ ಹೆಸರಿನಲ್ಲಿ ಹೇಳಿದರೆ ತಿಳಿಯಲು ಸುಲಭ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಬೀಗಗಳನ್ನು ಊರೂರಿಗೆ ಹಂಚಿದ್ದಾನೆ. ಆ ಬೀಗವನ್ನು ಯಾರಾದರೂ ಒತ್ತಿ ಹಾಕಬಹುದು. ಕೀಲಿಕೈ ಅವನೊಬ್ಬನಲ್ಲೇ ಇದೆ. ಇಳಕಲ್ಲಿನ ವ್ಯಾಪಾರಿ ಬಾದಾಮಿಯ ಸಾವುಕಾರನಿಗೆ, "ನಾನು ಇಳಕಲ್ಲಿನವ, ನನ್ನ ಗುಟ್ಟಿನ ಅಂಕಿ 7" ಎಂದು ಬರೆದು ಪೆಟ್ಟಿಗೆಯಲ್ಲಿಟ್ಟು, ಬಾದಾಮಿಯ ಬೀಗ ಒತ್ತಿ ಕಳಿಸುತ್ತಾನೆ. ಸಾವುಕಾರ ಬಿಚ್ಚಿ ನೋಡಿ, "ನಿನ್ನ ಅಂಕಿ 7, ನನ್ನದು 9" ಎಂದು ಬರೆದು ಇಳಕಲ್ಲಿನ ಬೀಗ ಒತ್ತಿ ಕಳಿಸುತ್ತಾನೆ. ಇಳಕಲ್ಲಿನವನು ಆ 9ನ್ನು ಬಾದಾಮಿಯ ಬೀಗದಲ್ಲಿ ಹಿಂದಕ್ಕೆ ಕಳಿಸುತ್ತಾನೆ. 7ನ್ನು ಬಾದಾಮಿಯವನಲ್ಲದೆ ಬೇರೆಯವರು ಬಿಚ್ಚಲಾರರು. 9ನ್ನು ಇಳಕಲ್ಲಿನವನಲ್ಲದೆ ಬೇರೆಯವರು ಓದಲಾರರು. ಗುರುತು ಸಿಕ್ಕಿತು, ಇನ್ನು ವ್ಯವಹಾರ ಮಾಡಬಹುದು.

ಇದರಲ್ಲಿ ತೂತು ಎಲ್ಲಿದೆ? 1989ರಲ್ಲಿ ಬರೋಸ್, ಅಬಾದಿ, ನೀಡಮ್ ಎಂಬ ಮೂವರು ಇಂಥ ಓಲೆವ್ಯವಹಾರಗಳನ್ನು ಒರೆಗೆ ಹಚ್ಚಲೆಂದೇ ಒಂದು ತರ್ಕಪದ್ಧತಿಯನ್ನು ಕಟ್ಟಿದರು. ಈ ವಿನ್ಯಾಸವನ್ನೂ ಒರೆಗೆ ಹಚ್ಚಿದರು, ತೂತು ಕಾಣಲಿಲ್ಲ. 1995ರಲ್ಲಿ ಆಕ್ಸ್‌ಫರ್ಡಿನ ಗ್ಯಾವಿನ್ ಲೋ ಅದನ್ನು ತೋರಿಸಿಕೊಟ್ಟ. ವಿನ್ಯಾಸ ಹುಟ್ಟಿ ಆಗಲೇ 17 ವರ್ಷ ಆಗಿತ್ತು.

ಹುನಗುಂದದಲ್ಲಿ ಒಬ್ಬ ದಲ್ಲಾಳಿ ಇದ್ದಾನೆಂದುಕೊಳ್ಳಿ. (ಹುನಗುಂದದವರು ಕ್ಷಮಿಸಬೇಕು, ಊರು ನಡುವೆ ಇರುವುದೊಂದೇ ಅದರ ತಪ್ಪು.) ಅವನು ಹೊರಗಿನ ಕಳ್ಳನಲ್ಲ. ಪೇಟೆಯಲ್ಲಿ ಅವನಿಗೂ ಹೆಸರುಂಟು, ಅವನ ಬೀಗಗಳನ್ನೂ ಎಲ್ಲರೂ ಇಟ್ಟುಕೊಂಡಿದ್ದಾರೆ. ಇಳಕಲ್ಲಿನ ವ್ಯಾಪಾರಿ ಒಂದು ದಿನ ಅವನ ಜೊತೆಗೇ ವ್ಯವಹಾರ ಮಾಡಲೆಂದು 7ನ್ನು ಅವನ ಬೀಗದಲ್ಲಿ ಕಳಿಸುತ್ತಾನೆ. ದಲ್ಲಾಳಿ ಅದನ್ನು ಬಿಚ್ಚಿ, ಅದೇ ಓಲೆಗೆ ಬಾದಾಮಿಯ ಬೀಗ ಒತ್ತಿ ಸಾವುಕಾರನಿಗೆ ದಾಟಿಸುತ್ತಾನೆ. ಸಾವುಕಾರ ಅದು ಇಳಕಲ್ಲಿನಿಂದಲೇ ಬಂತೆಂದು ನಂಬಿ, 7 ಮತ್ತು 9ನ್ನು ಇಳಕಲ್ಲಿನ ಬೀಗದಲ್ಲಿ ಉತ್ತರ ಕೊಡುತ್ತಾನೆ. ದಲ್ಲಾಳಿಗೆ ಅದನ್ನು ಬಿಚ್ಚಲಾಗದು; ಬಿಚ್ಚುವ ಗೊಡವೆಯೂ ಬೇಡ. ತನ್ನ ಉತ್ತರವೇ ಎಂಬಂತೆ ಅದನ್ನು ಇಳಕಲ್ಲಿಗೆ ಕಳಿಸಿಬಿಡುತ್ತಾನೆ. ಇಳಕಲ್ಲಿನವನು ಬಿಚ್ಚಿ ನೋಡಿ, 9 ದಲ್ಲಾಳಿಯ ಅಂಕಿಯೆಂದು ತಿಳಿದು, ಅದನ್ನು ದಲ್ಲಾಳಿಯ ಬೀಗದಲ್ಲಿ ಹಿಂದಕ್ಕೆ ಕೊಡುತ್ತಾನೆ. ಮುಗಿಯಿತು. 9 ಈಗ ದಲ್ಲಾಳಿಯ ಕೈಯಲ್ಲಿದೆ. ಅದನ್ನು ಬಾದಾಮಿಗೆ ಕಳಿಸಿ ಅವನು ಇಳಕಲ್ಲಿನವನಾಗಿ ಕೂಡುತ್ತಾನೆ. ಯಾವ ಬೀಗವೂ ಒಡೆಯಲಿಲ್ಲ, ಯಾವ ಲೆಕ್ಕವೂ ತಪ್ಪಲಿಲ್ಲ.

ಲೋ ಸೂಚಿಸಿದ ಮದ್ದು ಎಷ್ಟು ಚಿಕ್ಕದೆಂದರೆ ನಗು ಬರುತ್ತದೆ. ಸಾವುಕಾರ ತನ್ನ ಉತ್ತರದಲ್ಲಿ "ನಾನು ಬಾದಾಮಿಯವ" ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು. ಹುನಗುಂದದ ಉತ್ತರವನ್ನು ಕಾದಿದ್ದ ಇಳಕಲ್ಲಿನವನು ಬಾದಾಮಿಯ ಹೆಸರು ಕಂಡು ತಟಸ್ಥನಾಗುತ್ತಾನೆ.

ತಪ್ಪಿದ್ದೆಲ್ಲಿ ಹಾಗಾದರೆ? ತರ್ಕದಲ್ಲಲ್ಲ. ತರ್ಕಕ್ಕೆ ಮೊದಲು ಇಟ್ಟುಕೊಂಡ ಗೃಹೀತದಲ್ಲಿ. ವ್ಯವಹಾರಕ್ಕೆ ಸೇರಿದವರೆಲ್ಲ ಪ್ರಾಮಾಣಿಕರು, ಕಳ್ಳನಾದವನು ಹೊರಗಿನವನು ಎಂದು ಹಿಂದಿನವರು ಹಿಡಿದಿದ್ದರು. ಆ ಗೃಹೀತವಿರುವ ಲೋಕದಲ್ಲಿ ಅವರ ರುಜುವಾತು ಇಂದಿಗೂ ನಿಜ. ಆದರೆ ವಿನ್ಯಾಸ ಬೇರೆ ಲೋಕಕ್ಕೆ ಹೋಯಿತು. ಪರಿಚಯದ ನಾಲ್ಕು ಜನರ ಪೇಟೆಯಿಂದ, ಯಾರು ಬೇಕಾದರೂ ಹೆಸರು ಬರೆಸಬಹುದಾದ ಪೇಟೆಗೆ ಹೋಯಿತು. ವಿನ್ಯಾಸ ಹೋಯಿತು, ಗೃಹೀತ ಹಿಂದೆಯೇ ಉಳಿಯಿತು.

ಬಾದಾಮಿಯ ಬಿರುಕಿನಲ್ಲಿ ನನ್ನ ಸೋದರಳಿಯ ಹೇಳಿದ್ದೂ ಇದನ್ನೇ. "ಮ್ಯಾಲಿಂದ, ಕೆಳಗಿಂದ ಅಂತ ಬರ್ಸ್ಯಾನ ನೋಡ್ರಿ ಮಾಮಾ. ಒಳಗಿಂದ ಅಂತ ಬರ್ಸಿಲ್ಲ." ಬಾದಾಮಿ ಒಳಗಿನವರಿಂದ ಬಿತ್ತೆಂದು ಅವನೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಅವನು ಹೇಳಿದ್ದು ಇಷ್ಟೆ: ಅಜೇಯವೆಂಬ ಪ್ರತಿಯೊಂದು ಮಾತಿನ ಹಿಂದೆಯೂ ದಿಕ್ಕುಗಳ ಒಂದು ಪಟ್ಟಿಯಿರುತ್ತದೆ. ಪುಲಕೇಶಿಯ ಶಾಸನ ಆ ಪಟ್ಟಿಯನ್ನೂ ಕಲ್ಲಿನಲ್ಲೇ ಕೊರೆದಿದೆ. ಆ ಮಟ್ಟಿಗೆ ಅದು ನಮ್ಮ ಕಾಲದ ಎಷ್ಟೋ ಭರವಸೆಗಳಿಗಿಂತ ಪ್ರಾಮಾಣಿಕವಾದದ್ದು.

ಇದೆಲ್ಲ ಪಂಡಿತರ ಜಗಳ, ನಮಗೇನು ಎನ್ನುವಿರಾ? ಇಳಕಲ್ಲಿನಲ್ಲಿ ನಮ್ಮ ಪರಿಚಯದ ಹಿರಿಯ ಹೆಣ್ಣುಮಗಳೊಬ್ಬಳಿದ್ದಾಳೆ. ಮಗ್ಗದ ಮನೆತನ. ಗಂಡ ತೀರಿಹೋದಮೇಲೆ ಬಂದ ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದಳು. ಹಣ ತೆಗೆಯಬೇಕಾದರೆ ಫೋನಿಗೆ ಒಂದು ಅಂಕಿ ಬರುತ್ತದೆ, ಅದನ್ನು ಹೇಳಿದರೆ ವ್ಯವಹಾರ ಮುಂದುವರಿಯುತ್ತದೆ. ಈ ಏರ್ಪಾಡು ಈಗ ಎಲ್ಲರಿಗೂ ಗೊತ್ತು. ಅವಳಿಗೆ ಓದು ಬಾರದು. ಆ ಮನೆಗೆಲ್ಲ ಒಂದೇ ಫೋನು. ಅಂಕಿ ಬಂದಾಗ ಓದಿ ಹೇಳುವವನು ಮೊಮ್ಮಗ. ಅವನಿಲ್ಲದಾಗ ನೆರೆಮನೆಯ ಹುಡುಗ. ಅವನೂ ಇಲ್ಲದಾಗ ಓಣಿಯಲ್ಲಿ ಸಿಕ್ಕವರು. ಹೀಗೆ ಸಿಕ್ಕವರಲ್ಲೊಬ್ಬ ಒಂದು ದಿನ ಹಣ ಎತ್ತಿಕೊಂಡು ಹೋದ. ಅವಳು ಹೋಗಿ ಅತ್ತಾಗ ಕಚೇರಿಯಲ್ಲಿ ಬಂದ ಉತ್ತರ: "ನಮ್ಮ ವ್ಯವಸ್ಥೆ ಪೂರ್ಣ ಸುರಕ್ಷಿತ. ಅಂಕಿ ಬೇರೆಯವರಿಗೆ ತೋರಿಸಿದ್ದು ನಿಮ್ಮ ತಪ್ಪು."

ಆ ಉತ್ತರದಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲವೆಂಬುದೇ ನನ್ನನ್ನು ಕಾಡುತ್ತಿದೆ. ವ್ಯವಸ್ಥೆ ಸುರಕ್ಷಿತವೇ: ಫೋನು ಒಬ್ಬರದೇ ಆಗಿದ್ದು, ಆ ಒಬ್ಬರಿಗೆ ಓದು ಬರುವುದಾದರೆ. ಆದರೆ ಈ 'ಆದರೆ'ಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಒಬ್ಬರಿಗೊಂದು ಫೋನಿರುವ ಯಾವುದೋ ಊರಿಗಾಗಿ ಹೊಲಿದ ಅಂಗಿಯನ್ನು ಅವಳಿಗೆ ತೊಡಿಸಿ, ಬಿಗಿಯಾಗಿ ಹರಿದಾಗ ಮೈಯದೇ ತಪ್ಪೆಂದರು.

ಇಲ್ಲಿಗೆ ಪ್ರಶ್ನೆ ಗಣಿತದ್ದಾಗಿ ಉಳಿಯುವುದಿಲ್ಲ, ಧರ್ಮದ್ದಾಗುತ್ತದೆ. ಗೃಹೀತಗಳಲ್ಲಿ ಎರಡು ಬಗೆ. ಬೀಗ ಒಡೆಯದು, ಯಂತ್ರ ಕೂಡಿಸುವಾಗ ತಪ್ಪದು ಎಂಬಂಥವು ವಸ್ತುವಿನ ಮೇಲೆ ಇಟ್ಟ ಗೃಹೀತಗಳು. ಅವು ಸುಳ್ಳಾದರೆ ಅದು ಕಟ್ಟಿದವನ ಲೆಕ್ಕದ ತಪ್ಪು. ಅವಳು ಅಂಕಿಯನ್ನು ತಾನೇ ಓದುವಳು, ಯಾರಿಗೂ ತೋರಿಸಳು ಎಂಬುದು ಹಾಗಲ್ಲ; ಅದು ಮನುಷ್ಯರ ಮೇಲೆ ಇಟ್ಟ ಗೃಹೀತ. ಮನುಷ್ಯರ ಮೇಲೆ ಇಟ್ಟ ಗೃಹೀತವೆಂದರೆ ಮತ್ತೇನು? ಅವರ ಮೇಲೆ ಹೊರಿಸಿದ ಒಂದು ಕರ್ತವ್ಯ. ನಾನು ಲೆಕ್ಕದಲ್ಲಿ "ಇವಳು ಹೀಗೆ ನಡೆಯುವಳು" ಎಂದು ಬರೆದ ಗಳಿಗೆಯಲ್ಲೇ ಅವಳ ತಲೆಯ ಮೇಲೆ ಒಂದು ಹೊರೆ ಇಟ್ಟಿದ್ದೇನೆ. ಹೊರೆ ಇಡುವುದು ತಪ್ಪಲ್ಲ. ಎಲ್ಲ ವ್ಯವಹಾರವೂ ಪರಸ್ಪರ ಹೊರೆಗಳ ಮೇಲೆಯೇ ನಡೆಯುತ್ತದೆ. ಆದರೆ ಹೇಳದೆ ಇಡುವುದು ತಪ್ಪು. ಹೊರಲಾರದವಳೆಂದು ತಿಳಿಯುವಂತಿದ್ದೂ ಇಡುವುದು ದೊಡ್ಡ ತಪ್ಪು. ಅವಳು ಬಿದ್ದಮೇಲೆ ನಡೆಯಲು ಬಾರದೆಂದು ಬಯ್ಯುವುದಕ್ಕೆ ಯಾವ ಹೆಸರಿಡಬೇಕೋ ನನಗೆ ತೋಚದು.

ಈ ಮಾತನ್ನು ಸೋದರಳಿಯನ ಮುಂದೆ ಇಟ್ಟಾಗ ಅವನು ಒಪ್ಪಲಿಲ್ಲ. "ಹಂಗ ಎಲ್ಲಾ ಗೃಹೀತ ಬರ್ಕೊಂತ ಕುಂತ್ರ ಯಾರೂ ಏನೂ ಕಟ್ಟೂದಿಲ್ರಿ ಮಾಮಾ. ಇದಕ್ಕ ಕೊನೀನ ಇಲ್ಲ." ಅವನ ಆಕ್ಷೇಪಣೆ ಹಗುರವಾದದ್ದಲ್ಲ. ಸೂರ್ಯ ನಾಳೆ ಹುಟ್ಟುವನೆಂಬುದೂ ಒಂದು ಗೃಹೀತವೇ. ಅದನ್ನೂ ಬರೆಯಬೇಕೆ? ಮೇಲಾಗಿ, ಒರೆಗೆ ಹಚ್ಚಿದ ವಿನ್ಯಾಸವನ್ನು ಎರವಲು ತರುವುದರ ಉದ್ದೇಶವೇ ಪ್ರತಿಸಲವೂ ಮೊದಲಿನಿಂದ ತಲೆ ಕೆಡಿಸಿಕೊಳ್ಳಬಾರದೆಂಬುದು. ತಲೆ ಕೆಡಿಸಿಕೊಳ್ಳಬೇಕೆಂದರೆ ಎರವಲು ಯಾಕೆ?

ನನಗೆ ಉತ್ತರ ಸಿಕ್ಕಿದ್ದು ಇಳಕಲ್ಲಿನ ಮಗ್ಗದ ಮುಂದೆ. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದಾಗಿರುವುದು ಅದರ ಹಳೆಯ ಮರ್ಯಾದೆ. ಎರಡೂ ಹಾಸುಗಳನ್ನು ಎಳೆಗೆ ಎಳೆಯ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಸೆರಗಿನ ತೋಪು ತೆನೆಯ ವಿನ್ಯಾಸ ತಲೆತಲಾಂತರದಿಂದ ಬಂದದ್ದು. ಚಿಕ್ಕಿ ದಡಿ, ಗೋಮಿ ದಡಿಗಳೂ ಹಾಗೆಯೇ. ಯಾವ ನೇಕಾರನೂ ಅವುಗಳನ್ನು ಹೊಸದಾಗಿ ಕಂಡುಹಿಡಿಯುವುದಿಲ್ಲ. ಆದರೆ ಕೊಂಡಿಯನ್ನು ಮಾತ್ರ ಪ್ರತಿ ಸೀರೆಗೂ ಹೊಸದಾಗಿಯೇ ಹಾಕಬೇಕು. ಆದುದರಿಂದಲೇ ಹಾಸನ್ನು ಒಂದೊಂದು ಸೀರೆಗೂ ಬೇರೆ ಬೇರೆಯಾಗಿ ಸಿದ್ಧಮಾಡುತ್ತಾರೆ. ವಿನ್ಯಾಸ ಎರವಲು ಬರುತ್ತದೆ, ಕೊಂಡಿ ಎರವಲು ಬರುವುದಿಲ್ಲ. ಇದನ್ನು ಯಾವ ನೇಕಾರನೂ ವ್ಯರ್ಥದ ಕೆಲಸವೆಂದು ದೂರುವುದನ್ನು ನಾನು ಕೇಳಿಲ್ಲ. ವಿನ್ಯಾಸ ಸಿದ್ಧವಾಗಿ ಸಿಕ್ಕಿದ್ದರಿಂದಲೇ ಕೊಂಡಿಯ ಕಡೆ ಗಮನ ಕೊಡಲು ಅವನಿಗೆ ಬಿಡುವು ಸಿಕ್ಕುತ್ತದೆ.

ಎಲ್ಲ ಗೃಹೀತಗಳನ್ನೂ ಬರೆಯಬೇಕಾಗಿಲ್ಲ. ಸೂರ್ಯನ ವಿಷಯವನ್ನು ಸೂರ್ಯನಿಗೇ ಬಿಡೋಣ. ಇನ್ನೊಬ್ಬರ ನಡತೆಯ ಮೇಲೆ, ಓದಿನ ಮೇಲೆ, ಬಡತನದ ಮೇಲೆ ನಿಂತಿರುವ ಗೃಹೀತಗಳನ್ನಾದರೂ ಬರೆಯಬೇಕು. ತಂದ ವಿನ್ಯಾಸ ಈ ನೆಲಕ್ಕೆ ಕೂಡುವ ಜಾಗ ಅದು, ಅದೇ ಕೊಂಡಿ. ಅಲೆಗ್ಸಾಂಡರ್ ತನ್ನ ಪ್ರತಿಯೊಂದು ವಿನ್ಯಾಸಕ್ಕೂ ಸಂದರ್ಭವನ್ನು ಕಟ್ಟಿಯೇ ಕಳಿಸಿದ್ದ. ಅವನನ್ನು ಅನುಸರಿಸಿದ ಸಾಫ್ಟ್‌ವೇರಿನ ಪಂಡಿತರೂ ಸಂದರ್ಭಕ್ಕೊಂದು ಅಂಕಣ ಇಟ್ಟೇ ಬರೆಯುತ್ತಾರೆ. ಮೂಲದಲ್ಲಿ ಪ್ರಾಮಾಣಿಕತೆ ಇತ್ತು. ಕೈಯಿಂದ ಕೈಗೆ ಹೋಗುವಾಗ ಉತ್ತರ ಉಳಿದು, ಷರತ್ತು ಉದುರಿತು.

ಕೊಂಡಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ. ಮನೆಮನೆಯಲ್ಲಿರುವ ವೈಫೈಗೆ ಒಂದು ರಕ್ಷಣಾ ವಿನ್ಯಾಸವಿದೆ; ನಾಲ್ಕು ಓಲೆಗಳ ವಿನಿಮಯದಿಂದ ಕೀಲಿಯನ್ನು ಗೊತ್ತುಮಾಡುವ ಕ್ರಮ ಅದು. ಅದರ ಗಣಿತದ ರುಜುವಾತು ಆಗಿತ್ತು. 2017ರಲ್ಲಿ ಬೆಲ್ಜಿಯಮ್ಮಿನ ಮ್ಯಾಥಿ ವಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಅದರಲ್ಲೊಂದು ದೋಷ ತೋರಿಸಿದರು. ಮೂರನೆಯ ಓಲೆಯನ್ನು ಮತ್ತೆ ಕಳಿಸಿದರೆ ಉಪಕರಣವು ಹಾಕಿದ ಕೀಲಿಯನ್ನೇ ಮತ್ತೊಮ್ಮೆ ಹಾಕಿಕೊಂಡು, ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಿತ್ತು. ಹಳೆಯ ರುಜುವಾತನ್ನು ತಾವು ಸುಳ್ಳುಮಾಡಿಲ್ಲವೆಂದು ಅವರೇ ಹೇಳಿದರು. ಕೀಲಿ ಗುಟ್ಟಾಗಿ ಉಳಿಯುತ್ತದೆಂದು ರುಜುವಾತು ಹೇಳಿತ್ತು; ಅದು ಗುಟ್ಟಾಗಿಯೇ ಉಳಿದಿತ್ತು. ಅದನ್ನು ಯಾವಾಗ, ಎಷ್ಟು ಸಲ ಹಾಕಿಕೊಳ್ಳಬೇಕೆಂಬ ಮಾತು ಗಣಿತದ ಪ್ರತಿರೂಪದಲ್ಲಿ ಬಂದೇ ಇರಲಿಲ್ಲ. ನುಡಿ ನಿಜವಾಗಿತ್ತು, ನಡೆ ಬೇರೆಯಾಗಿತ್ತು. ಹುನಗುಂದದ ಸೀಮೆಯಲ್ಲೇ ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮವಿದೆ. ನುಡಿ ನಡೆಗಳ ನಡುವೆ ಬಿರುಕು ಬಿಡಬಾರದೆಂದು ಎಂಟು ಶತಮಾನಗಳ ಹಿಂದೆಯೇ ಹಟ ಹಿಡಿದವರ ನೆಲ ಅದು. ಅವರು ಮನುಷ್ಯರ ವಿಷಯದಲ್ಲಿ ಹೇಳಿದ್ದು ಯಂತ್ರಗಳಿಗೂ ಅನ್ವಯಿಸುತ್ತದೆಂದು ಆಗ ಯಾರೆಣಿಸಿದ್ದರು!

ಇಷ್ಟನ್ನೆಲ್ಲ ಓದಿ, ಹಾಗಾದರೆ ಈ ಗಣಿತವೇ ಬೇಡವೆಂದು ಯಾರಾದರೂ ತೀರ್ಮಾನಿಸಿದರೆ ಅದು ನನ್ನ ಬರವಣಿಗೆಯ ದೋಷ. ದಲ್ಲಾಳಿಯ ಕುಯುಕ್ತಿ 17 ವರ್ಷ ಬರಿಗಣ್ಣಿಗೆ ಕಾಣದೆ ಉಳಿದಿತ್ತು. ಮಾರನೆಯ ವರ್ಷವೇ, 1996ರಲ್ಲಿ, ಲೋ ಆ ವಿನ್ಯಾಸವನ್ನು ಯಂತ್ರದ ಕೈಗೆ ಕೊಟ್ಟಾಗ ಯಂತ್ರವೂ ಅದೇ ತೂತಿಗೆ ಬೆರಳಿಟ್ಟಿತು. ತಿದ್ದಿದ ವಿನ್ಯಾಸದಲ್ಲಿ ಅಂಥದು ಉಳಿದಿಲ್ಲವೆಂಬುದನ್ನೂ ಅದೇ ದಾರಿಯಿಂದ ಗಟ್ಟಿಮಾಡಿಕೊಂಡರು. 2018ರಲ್ಲಿ ಹೊರಬಂದ, ಇಂದು ಜಾಲತಾಣಗಳ ಬೀಗವಾಗಿರುವ ಟಿಎಲ್‌ಎಸ್ 1.3 ಎಂಬ ಕ್ರಮವನ್ನು ಕರಡಿನಲ್ಲಿದ್ದಾಗಲೇ ಗಣಿತದವರು ಜರಡಿ ಹಿಡಿದರು. ಕರಡಿನಲ್ಲೇ ಒಂದು ದೋಷ ಸಿಕ್ಕಿತು. ಕಟ್ಟುವ ಮುಂಚೆಯೇ ತಿದ್ದಿದರು. ಲೆಕ್ಕ ಹಾಕದೆ ಕಟ್ಟುವುದು ಪ್ರಾಮಾಣಿಕತೆಯಲ್ಲ, ಉಡಾಫೆ. ಗಣಿತದ ನಿಜವಾದ ಉಪಕಾರ, ಅದು ನಮ್ಮ ಗೃಹೀತಗಳನ್ನು ಬಾಯಿಬಿಟ್ಟು ಹೇಳುವಂತೆ ಮಾಡುತ್ತದೆ ಎಂಬುದರಲ್ಲಿದೆ. ಹೇಳಿಸಿಕೊಂಡಮೇಲೆ ಅವನ್ನು ಮುಚ್ಚಿಡುವವರು ನಾವು.

ಎರವಲು ತರುವವನ ಧರ್ಮ ಏನೆಂದು ಕೇಳಿದರೆ ನಾನು ಹೇಳುವುದು ಇಷ್ಟೆ. ವಿನ್ಯಾಸವನ್ನು ತರುವಾಗ ಅದರ ಷರತ್ತುಗಳನ್ನೂ ಹೊತ್ತು ತರಲಿ. ಹೊಸ ನೆಲದಲ್ಲಿ ಅವು ನಿಲ್ಲುತ್ತವೆಯೋ ಇಲ್ಲವೋ ಎಂದು ಹೋಗಿ ನೋಡಲಿ, ಬೆಂಗಳೂರಿನಲ್ಲಿ ಕೂತು ಊಹಿಸದಿರಲಿ. ಮನುಷ್ಯರ ಮೇಲೆ ಹೊರಿಸಿದ್ದನ್ನು ಆ ಮನುಷ್ಯರಿಗೆ ತಿಳಿಯುವ ಮಾತಿನಲ್ಲಿ ಹೇಳಲಿ. ಕೊನೆಗೆ, ವ್ಯವಸ್ಥೆ ಬಿದ್ದಾಗ "ನಿಮ್ಮ ತಪ್ಪು" ಎನ್ನುವ ಮುಂಚೆ, ಯಾರ ಗೃಹೀತ ಬಿತ್ತೆಂದು ಒಮ್ಮೆ ಹಾಳೆ ತಿರುವಿ ನೋಡಲಿ.

ಸೋದರಳಿಯ ಬೆಂಗಳೂರಿಗೆ ಹಿಂದಿರುಗುವ ಮುಂಚೆ ಇಳಕಲ್ಲಿಗೆ ಹೋಗಿಬಂದ. ಆ ಹೆಣ್ಣುಮಗಳ ಮನೆಯಲ್ಲಿ ಚಹಾ ಕುಡಿದನಂತೆ. ಮನೆಯಲ್ಲಿ ಫೋನು ಎಷ್ಟು, ಯಾರು ಓದಬಲ್ಲರು, ಅವಳು ಯಾರನ್ನು ನಂಬುತ್ತಾಳೆ, ಯಾಕೆ ನಂಬುತ್ತಾಳೆ ಎಂದು ಕೇಳಿ ಕೇಳಿ ಬರೆದುಕೊಂಡನಂತೆ. ಅವಳಿಗೆ ಕಳೆದ ಹಣ ಅದರಿಂದ ಬರಲಿಲ್ಲ. "ಇಷ್ಟೆಲ್ಲ ಕೇಳ್ದಾಂವ ನೀನ ಮೊದಲಿಗನು ನೋಡಪಾ" ಎಂದು ಮಾತ್ರ ಹೇಳಿದಳಂತೆ. ಬಸ್ಸಿಗೆ ಹತ್ತುವಾಗ ಅವನ ಕೈಯಲ್ಲಿ ಆ ಹಾಳೆಯಿತ್ತು. ಎರಡೂ ಬದಿ ತುಂಬಿತ್ತು.